ಕೆರಿಬಿಯನ್ ಕಾವ್ಯದಲ್ಲಿ ಜಾನಪದ ಪ್ರತಿಮೆಗಳು: ಒಂದು ದೇವಶಾಸ್ತ್ರೀಯ ವಿಮರ್ಶೆ

ಪೀಠಿಕೆ

1807ರಲ್ಲಿ ಲಂಡನ್ನಿನಲ್ಲಿ ಸತ್ಯವೇದದ ಒಂದು ವಿಚಿತ್ರ ಆವೃತ್ತಿ ಅಚ್ಚಾಯಿತು. ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿದ್ದ ಆಫ್ರಿಕನ್ ಗುಲಾಮರ ಉಪಯೋಗಕ್ಕೆಂದು ಆಯ್ದ ಭಾಗಗಳು ಮಾತ್ರ ಅದರಲ್ಲಿದ್ದವು. ಹಳೆಯ ಒಡಂಬಡಿಕೆಯ ಬಹುಭಾಗವನ್ನೂ ಹೊಸ ಒಡಂಬಡಿಕೆಯ ಸುಮಾರು ಅರ್ಧಭಾಗವನ್ನೂ ಅದರಿಂದ ತೆಗೆದುಹಾಕಲಾಗಿತ್ತು. ಯೋಸೇಫನು ಐಗುಪ್ತದಲ್ಲಿ ದಾಸನಾಗಿ ಮಾರಲ್ಪಟ್ಟ ಕಥೆ ಅದರಲ್ಲಿ ಉಳಿದಿತ್ತು. ಮೋಶೆಯು ಜನರನ್ನು ಐಗುಪ್ತದಿಂದ ಹೊರತಂದ ಕಥೆ ಉಳಿದಿರಲಿಲ್ಲ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಬೋಧನೆ ಇತ್ತು. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂದು ಗಲಾತ್ಯದವರಿಗೆ ಪೌಲನು ಬರೆದ ಮಾತು ಇರಲಿಲ್ಲ.

ಕೆರಿಬಿಯನ್ ಕಾವ್ಯದ ದೇವಶಾಸ್ತ್ರೀಯ ಓದನ್ನು ಈ ಕತ್ತರಿಸಲ್ಪಟ್ಟ ಗ್ರಂಥದಿಂದಲೇ ಆರಂಭಿಸುವುದು ಸೂಕ್ತವೆಂದು ನಾವು ಭಾವಿಸುತ್ತೇವೆ. ವಿಮೋಚನೆಯ ಅಧ್ಯಾಯಗಳನ್ನು ಯಾರ ಕೈಯಿಂದ ಕಿತ್ತುಕೊಳ್ಳಲಾಯಿತೋ ಅವರು ವಿಮೋಚನೆಯನ್ನು ಎಲ್ಲಿ ನೆನೆದರು? ಯಾವ ಭಾಷೆಯಲ್ಲಿ, ಯಾವ ಕಥೆಗಳ ಮರೆಯಲ್ಲಿ ಅದನ್ನು ಕಾಪಾಡಿಕೊಂಡರು? ಸಾಮಾನ್ಯವಾಗಿ ಈ ಕಾವ್ಯದಲ್ಲಿ ಬರುವ ಅನಾನ್ಸಿ ಎಂಬ ಜೇಡ, ಲೆಗ್ಬಾ ಎಂಬ ಕುಂಟ ಮುದುಕ, ಲಿಂಬೊ ಕುಣಿತ, ಹುಟ್ಟದೆ ಅಲೆಯುವ ಬೋಲಮ್ ಎಂಬ ಶಿಶುಪ್ರೇತ ಮೊದಲಾದವುಗಳನ್ನು ವಿಮರ್ಶಕರು 'ಸ್ಥಳೀಯ ಬಣ್ಣ' ಎಂದು ಗುರುತಿಸಿ ಮುಂದೆ ಸಾಗುತ್ತಾರೆ. ಸಭೆಯವರು ಅವುಗಳನ್ನು ಅಂಧವಿಶ್ವಾಸವೆಂದು ಬದಿಗಿಡುತ್ತಾರೆ. ಈ ಎರಡು ಓದುಗಳೂ ಒಂದೇ ತಪ್ಪನ್ನು ಮಾಡುತ್ತವೆ ಎಂಬುದು ನಮ್ಮ ವಾದ. ಈ ಪ್ರತಿಮೆಗಳು ಅಲಂಕಾರಗಳಲ್ಲ. ಬರೆಯಲು ಅವಕಾಶ ಸಿಗದ ಜನರ ಸ್ಮೃತಿ, ಪ್ರಲಾಪ ಹಾಗೂ ನ್ಯಾಯವಿಚಾರಣೆಯ ರೂಪಗಳು ಅವು. ಅವು ಸುವಾರ್ತೆಯ ಮುಂದೆ ಒಂದು ಪ್ರಶ್ನೆಯನ್ನಿಡುತ್ತವೆ. ಆ ಪ್ರಶ್ನೆಯಿಂದ ಕರಾವಳಿ ಕರ್ನಾಟಕದ ಸಭೆಗಳೂ ತಪ್ಪಿಸಿಕೊಳ್ಳಲಾರವು.

1. ಸಭೆ, ಕಬ್ಬಿನ ತೋಟ ಮತ್ತು ನಿಷೇಧಿತ ಸ್ಮೃತಿ

ಈ ಕಾವ್ಯದ ಹಿನ್ನೆಲೆಯಲ್ಲಿ ಸಭೆಯು ಎರಡು ಮುಖಗಳೊಂದಿಗೆ ನಿಂತಿದೆ. ಬಾರ್ಬಡೋಸಿನ ಶ್ರೀಮಂತ ತೋಟಗಾರನಾದ ಕ್ರಿಸ್ಟೋಫರ್ ಕಾಡ್ರಿಂಗ್ಟನ್ 1710ರಲ್ಲಿ ಮರಣ ಹೊಂದಿದಾಗ ಅವನ ಕಬ್ಬಿನ ತೋಟಗಳೂ ಅವುಗಳಲ್ಲಿ ದುಡಿಯುತ್ತಿದ್ದ ಗುಲಾಮರೂ ಅವನ ಮೃತ್ಯುಪತ್ರದಂತೆ ಆಂಗ್ಲಿಕನ್ ಸಭೆಯ ಸುವಾರ್ತಾಪ್ರಸಾರ ಸಂಘದ ಸ್ವತ್ತಾದರು. ಗುಲಾಮರು ಸಂಘದ ಸೊತ್ತೆಂದು ಗುರುತಿಸಲು 'ಸೊಸೈಟಿ' ಎಂಬ ಪದವನ್ನು ಕಾದ ಕಬ್ಬಿಣದಿಂದ ಅವರ ಎದೆಯ ಮೇಲೆ ಬರೆ ಹಾಕಲಾಯಿತು. ಆ ಆಸ್ತಿಯಿಂದಲೇ ಅಲ್ಲಿ ಒಂದು ಕಾಲೇಜು ಎದ್ದು, ಕಾಲಕ್ರಮೇಣ ಪಾಲಕರನ್ನು ತರಬೇತುಗೊಳಿಸುವ ದೇವಶಾಸ್ತ್ರ ವಿದ್ಯಾಲಯವಾಯಿತು. 2006ರಲ್ಲಿ ಇಂಗ್ಲೆಂಡಿನ ಸಭೆಯ ಮಹಾಸಭೆಯು ಗುಲಾಮಗಿರಿಯಲ್ಲಿ ತನ್ನ ಪಾಲಿಗಾಗಿ ಕ್ಷಮೆ ಕೋರಿತು. ದೇವಶಾಸ್ತ್ರ ವಿದ್ಯಾಲಯದ ಪತ್ರಿಕೆಯೊಂದರಲ್ಲಿ ಬರೆಯುತ್ತಿರುವ ನಾವು ಇದನ್ನು ದೂರದವರ ಪಾಪವೆಂದು ಓದಿ ದಾಟಿಹೋಗುವುದು ಸರಿಯಲ್ಲ.

ಇನ್ನೊಂದು ಮುಖವೂ ಇದೆ. 1831ರ ಕ್ರಿಸ್‌ಮಸ್ ಕಾಲದಲ್ಲಿ ಜಮೈಕಾದಲ್ಲಿ ಎದ್ದ ಮಹಾಬಂಡಾಯದ ನಾಯಕ ಸ್ಯಾಮ್ ಶಾರ್ಪ್ ಬ್ಯಾಪ್ಟಿಸ್ಟ್ ಸಭೆಯ ಸಭಾಸೇವಕ, ಸ್ವತಃ ಗುಲಾಮ. ಸತ್ಯವೇದವನ್ನು ಓದಿ, ಯಾವ ಮನುಷ್ಯನೂ ಇನ್ನೊಬ್ಬನ ಸೊತ್ತಲ್ಲವೆಂದು ತಿಳಿದುಕೊಂಡವನು. 1832ರ ಮೇ ತಿಂಗಳಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅದರ ಮರುವರ್ಷವೇ ಬ್ರಿಟಿಷ್ ಸಂಸತ್ತು ಗುಲಾಮಗಿರಿಯನ್ನು ರದ್ದುಗೊಳಿಸುವ ಶಾಸನವನ್ನು ಅಂಗೀಕರಿಸಿತು. ಕತ್ತರಿಸಿದ ಸತ್ಯವೇದ ಮತ್ತು ಶಾರ್ಪನು ಓದಿದ ಸತ್ಯವೇದ, ಇವೆರಡರ ನಡುವಿನ ಅಂತರದಲ್ಲಿ ಕೆರಿಬಿಯನ್ ಕ್ರೈಸ್ತತ್ವದ ಇತಿಹಾಸವೆಲ್ಲ ಅಡಗಿದೆ.

ಆಫ್ರಿಕದಿಂದ ಬಂದ ಸ್ಮೃತಿಗೆ ಕಾನೂನೂ ವೈರಿಯಾಗಿತ್ತು. 1760ರಲ್ಲಿ ಜಮೈಕಾದಲ್ಲಿ ನಡೆದ ಗುಲಾಮರ ದಂಗೆಯ ತರುವಾಯ 'ಓಬಿಯಾ' ಎಂಬ ಆಫ್ರಿಕನ್ ಮೂಲದ ಮಂತ್ರವೈದ್ಯವನ್ನು ಶಾಸನದ ಮೂಲಕ ನಿಷೇಧಿಸಲಾಯಿತು. ಟ್ರಿನಿಡಾಡಿನಲ್ಲಿ ಘಂಟಾನಾದ, ಕೂಗು ಹಾಗೂ ಮೈದುಂಬುವಿಕೆಯಿಂದ ಆರಾಧಿಸುತ್ತಿದ್ದ 'ಶೌಟರ್' ಬ್ಯಾಪ್ಟಿಸ್ಟರ ಆರಾಧನೆಯೇ 1917ರಿಂದ 1951ರ ವರೆಗೆ ಕಾನೂನುಬಾಹಿರವಾಗಿತ್ತು. ಹಾಗಾಗಿ ಕವಿಯೊಬ್ಬನು ಡೋಲು, ಮಂತ್ರ, ಪ್ರೇತ, ಜೇಡ ಇವುಗಳನ್ನು ಕವನದೊಳಗೆ ತಂದಾಗ, ಒಂದು ಕಾಲದಲ್ಲಿ ದಂಡನೆಗೆ ಗುರಿಯಾಗಿದ್ದ ಸಾಕ್ಷಿಯನ್ನು ಅವನು ಬಹಿರಂಗವಾಗಿ ಸಾಕ್ಷಿಪೀಠಕ್ಕೆ ಕರೆಯುತ್ತಾನೆ.

2. ಅನಾನ್ಸಿ ಮತ್ತು ಆಡುಮಾತಿನ ಘನತೆ

ಅನಾನ್ಸಿ ಪಶ್ಚಿಮ ಆಫ್ರಿಕದ ಅಕಾನ್ ಜನರ ಕಥಾನಾಯಕ. ಒಮ್ಮೆ ಜೇಡ, ಒಮ್ಮೆ ಮನುಷ್ಯ. ಆಕಾಶದೇವನಾದ ನ್ಯಾಮೆಯ ಬಳಿಯಿದ್ದ ಕಥೆಗಳನ್ನೆಲ್ಲ ಉಪಾಯದಿಂದ ಗೆದ್ದು ತನ್ನದಾಗಿಸಿಕೊಂಡವನು. ಹಡಗಿನ ತಳದಲ್ಲಿ ಸರಪಳಿಗೆ ಸಿಕ್ಕವರು ಯಾವ ಸಾಮಾನನ್ನೂ ತರಲಾಗಲಿಲ್ಲ. ಈ ಜೇಡನನ್ನು ಮಾತ್ರ ತಂದರು. ಜಮೈಕಾದ ಕಥೆಗಳಲ್ಲಿ ಅವನು ಹುಲಿಯನ್ನೂ ಯಜಮಾನನನ್ನೂ ಮಾತಿನಿಂದಲೇ ಸೋಲಿಸುತ್ತಾನೆ.

1919ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಜನಿಸಿದ ಲೂಯಿಸ್ ಬೆನೆಟ್ ಈ ಪರಂಪರೆಯನ್ನು ಕಾವ್ಯಕ್ಕೆ ತಂದವರಲ್ಲಿ ಅಗ್ರಗಣ್ಯರು. ಸಂತೆಯ ಹೆಂಗಸರು, ಟ್ರಾಮಿನ ಪ್ರಯಾಣಿಕರು, ಮನೆಗೆಲಸದವರು ಆಡುವ ಜಮೈಕನ್ ಕ್ರಿಯೋಲಿನಲ್ಲಿಯೇ ಅವರು ಪದ್ಯ ಕಟ್ಟಿದರು. ಅನಾನ್ಸಿ ಕಥೆಗಳನ್ನು ಸಂಗ್ರಹಿಸಿ ರಂಗದ ಮೇಲೆ ಹೇಳಿದರು. ದೀರ್ಘಕಾಲ ಅವರನ್ನು ವಿನೋದಗಾರ್ತಿಯೆಂದೇ ಪರಿಗಣಿಸಲಾಗಿತ್ತು. 1960ರ ದಶಕದಲ್ಲಿ ಮರ್ವಿನ್ ಮಾರಿಸ್ ಎಂಬ ವಿಮರ್ಶಕರು ಬೆನೆಟ್ಟರನ್ನು ಗಂಭೀರವಾಗಿ ಓದಬೇಕೆಂದು ಪ್ರತ್ಯೇಕ ಪ್ರಬಂಧವನ್ನೇ ಬರೆದು ವಾದಿಸಬೇಕಾಯಿತು. 1966ರಲ್ಲಿ ಅವರ 'ಜಮೈಕಾ ಲೇಬ್ರಿಷ್' ಸಂಕಲನ ಹೊರಬಂದ ಮೇಲೆಯೇ ಆಡುಮಾತಿನ ಕಾವ್ಯಕ್ಕೆ ಪಂಡಿತರ ಮಧ್ಯೆ ಸ್ಥಾನ ಸಿಕ್ಕತೊಡಗಿತು.

ಅನಾನ್ಸಿ ಕಥೆಗಳು ಮುಗಿಯುವ ರೀತಿ ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಗಮನಾರ್ಹ. ಕಥೆ ಮುಗಿದ ಮೇಲೆ ಹೇಳುವವರು ಜ್ಯಾಕ್ ಮ್ಯಾಂಡೋರ ಎಂಬವನನ್ನು ಕರೆದು, ಈ ಕಥೆಯಲ್ಲಿ ನಡೆದ ಮೋಸಕ್ಕೆ ತಾವು ಹೊಣೆಯಲ್ಲವೆಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಈ ಜ್ಯಾಕ್ ಮ್ಯಾಂಡೋರನು ಪರಲೋಕದ ದ್ವಾರಪಾಲಕನೆಂದು ಬೆನೆಟ್ಟರು ವಿವರಿಸಿದ್ದಾರೆ. ಮೇಲ್ನೋಟಕ್ಕೆ ಇದೊಂದು ತಮಾಷೆ. ಆದರೆ ಇದರಲ್ಲಿ ಒಂದು ನೈತಿಕ ಎಚ್ಚರವಿದೆ. ಬಲಹೀನನು ಬದುಕಿ ಉಳಿಯಲು ವಂಚನೆಯನ್ನು ಆಶ್ರಯಿಸಬೇಕಾಯಿತೆಂಬುದನ್ನು ಕಥೆ ಒಪ್ಪಿಕೊಳ್ಳುತ್ತದೆ. ಆ ವಂಚನೆ ಒಳ್ಳೆಯದೆಂದು ಮಾತ್ರ ಸಾರುವುದಿಲ್ಲ. ತೀರ್ಪನ್ನು ಪರಲೋಕದ ಬಾಗಿಲಿಗೆ ಒಪ್ಪಿಸಿ ಹೇಳುವವರು ಎದ್ದುಹೋಗುತ್ತಾರೆ.

ಸತ್ಯವೇದದ ಓದುಗರಿಗೆ ಇದು ಅಪರಿಚಿತವಲ್ಲ. ಫರೋಹನ ಮುಂದೆ ಸುಳ್ಳು ಹೇಳಿ ಇಬ್ರಿಯ ಗಂಡುಮಕ್ಕಳನ್ನು ಉಳಿಸಿದ ಶಿಫ್ರಾ ಮತ್ತು ಪೂಗಾ ಎಂಬ ಸೂಲಗಿತ್ತಿಯರೂ, ಹಿಮ್ಮಡಿಯನ್ನು ಹಿಡಿದು ಹುಟ್ಟಿದ ಯಾಕೋಬನೂ ಈ ಜೇಡನ ಬಂಧುಗಳೇ. ಆದರೂ ಒಂದು ವ್ಯತ್ಯಾಸವನ್ನು ಮರೆಮಾಚಬಾರದು. ಸೂಲಗಿತ್ತಿಯರು ಇತರರ ಮಕ್ಕಳಿಗಾಗಿ ತಮ್ಮ ಪ್ರಾಣವನ್ನು ಪಣಕ್ಕಿಟ್ಟರು. ಅನಾನ್ಸಿ ಅನೇಕ ಕಥೆಗಳಲ್ಲಿ ಹಸಿದ ನೆರೆಯವನನ್ನೂ ತನ್ನ ಹೆಂಡತಿ ಮಕ್ಕಳನ್ನೂ ವಂಚಿಸಿ ಒಬ್ಬನೇ ಉಣ್ಣುತ್ತಾನೆ. ದಬ್ಬಾಳಿಕೆಯು ಬಲಹೀನರನ್ನು ಜಾಣರನ್ನಾಗಿ ಮಾಡಬಹುದು, ನೀತಿವಂತರನ್ನಾಗಿ ಮಾಡುತ್ತದೆಂಬ ಭರವಸೆಯಿಲ್ಲ. ಬೆನೆಟ್ಟರ ಕಾವ್ಯ ಈ ಕಹಿಸತ್ಯವನ್ನು ನಗೆಯಲ್ಲಿ ಹೇಳುತ್ತದೆ. ದಮನಿತರ ಸಂಸ್ಕೃತಿಯನ್ನೆಲ್ಲ ಪಾವನವೆಂದು ಘೋಷಿಸಿಬಿಡುವ ದೇವಶಾಸ್ತ್ರಜ್ಞರು ಅವರಿಂದ ಕಲಿಯಬೇಕಾದುದಿದೆ.

ಆಡುಮಾತಿನ ಈ ಹಾದಿ ಸುವಾರ್ತೆಯ ಕಥನವನ್ನೂ ತಲುಪಿತು. 1995ರಲ್ಲಿ ಪಮೆಲಾ ಮಾರ್ಡೆಕಾಯ್ ಅವರು 'ಡಿ ಮ್ಯಾನ್' ಎಂಬ ರಂಗಕಾವ್ಯದಲ್ಲಿ ಯೇಸುವಿನ ಶಿಲುಬೆಯ ಮರಣವನ್ನು ಜಮೈಕನ್ ಕ್ರಿಯೋಲಿನಲ್ಲಿ, ಕಣ್ಣಾರೆ ಕಂಡ ಸಾಮಾನ್ಯರ ಬಾಯಿಯಿಂದ ಹೇಳಿಸಿದರು. 2012ರಲ್ಲಿ ವೆಸ್ಟ್ ಇಂಡೀಸಿನ ಬೈಬಲ್ ಸೊಸೈಟಿಯು ಹೊಸ ಒಡಂಬಡಿಕೆಯನ್ನು ಆ ಭಾಷೆಯಲ್ಲಿ ಪ್ರಕಟಿಸಿದಾಗ, ಒಡಕು ಇಂಗ್ಲಿಷಿನಲ್ಲಿ ದೇವರ ವಾಕ್ಯವೇ ಎಂದು ಆಕ್ಷೇಪಿಸಿದವರಿದ್ದರು. ಪಂಚಾಶತ್ತಮ ದಿನದಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಹುಟ್ಟುಭಾಷೆಯಲ್ಲಿ ಕೇಳಿದನೆಂದು ಪ್ರಸಂಗಿಸುವ ಸಭೆಯೇ ಹುಟ್ಟುಭಾಷೆಗೆ ನಾಚುವುದು ವಿಪರ್ಯಾಸ. ಈ ನಾಚಿಕೆಯನ್ನು ಪಾಲಕರಿಗಿಂತ ಮೊದಲು ಕವಿಗಳು ದಾಟಿದರೆಂಬುದನ್ನು ನಾವು ದಾಖಲಿಸಬೇಕು.

3. ಲಿಂಬೊ ಮತ್ತು ಲೆಗ್ಬಾ: ಬ್ರಾತ್‌ವೇಟರ ಹೊಸ್ತಿಲುಗಳು

ಬಾರ್ಬಡೋಸಿನ ಕಮಾವು ಬ್ರಾತ್‌ವೇಟ್ (1930–2020) ಕವಿಯೂ ಹೌದು, ಇತಿಹಾಸಕಾರರೂ ಹೌದು. ಕೇಂಬ್ರಿಜ್‌ನಲ್ಲಿ ಓದಿದ ಮೇಲೆ 1955ರಿಂದ 1962ರ ವರೆಗೆ ಅವರು ಘಾನಾದಲ್ಲಿ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದರು. ತಮ್ಮ ದ್ವೀಪದಲ್ಲಿ ಚೂರುಚೂರಾಗಿ ಉಳಿದಿದ್ದ ಆಚಾರಗಳ ಮೂಲವನ್ನು ಅಕಾನ್ ಜನರ ಮಧ್ಯೆ ಕಂಡರು. 1967, 1968 ಮತ್ತು 1969ರಲ್ಲಿ ಬಂದ ಮೂರು ಕಾವ್ಯಗಳು 1973ರಲ್ಲಿ 'ದಿ ಅರೈವಂಟ್ಸ್' ಎಂಬ ಹೆಸರಿನಲ್ಲಿ ಒಂದಾದವು. ಕೆರಿಬಿಯನ್ ಜನರ ಇಂಗ್ಲಿಷನ್ನು ಉಪಭಾಷೆಯೆಂದು ಕೀಳುಗಳೆಯದೆ 'ರಾಷ್ಟ್ರಭಾಷೆ' ಎಂದು ಕರೆಯಬೇಕೆಂದೂ, ಇಂಗ್ಲೆಂಡಿನ ಛಂದಸ್ಸು ಚಂಡಮಾರುತದ ಅನುಭವವನ್ನು ಹೊರಲಾರದೆಂದೂ ಅವರು ವಾದಿಸಿದರು.

ಈ ತ್ರಿವಳಿಯ ಮೂರನೆಯ ಭಾಗದಲ್ಲಿ ಲಿಂಬೊ ಕುಣಿತದ ಮೇಲೊಂದು ಕವನವಿದೆ. ಅಡ್ಡಲಾಗಿ ಹಿಡಿದ ಕೋಲಿನ ಕೆಳಗೆ ದೇಹವನ್ನು ಹಿಂದಕ್ಕೆ ಬಾಗಿಸಿ ನುಸುಳುವ ಈ ಕುಣಿತ ಇಂದು ಪ್ರವಾಸಿಗರ ಹೋಟೆಲುಗಳಲ್ಲಿ ಮನರಂಜನೆ. ಆದರೆ ಅದು ಗುಲಾಮಹಡಗಿನ ಇಕ್ಕಟ್ಟಿನಲ್ಲಿ ಹುಟ್ಟಿತೆಂಬ ಜನಸ್ಮೃತಿಯಿದೆ. ಗಯಾನಾದ ಲೇಖಕ ವಿಲ್ಸನ್ ಹ್ಯಾರಿಸ್ 1970ರ ತಮ್ಮ ಉಪನ್ಯಾಸಗಳಲ್ಲಿ ಈ ಕುಣಿತವನ್ನು ಅನಾನ್ಸಿಯೊಂದಿಗೆ ಜೋಡಿಸಿದರು. ಹಡಗಿನ ತಳದಲ್ಲಿ ಮುದುಡಿದ ಮನುಷ್ಯದೇಹವೇ ಜೇಡನಾಯಿತು. ಬ್ರಾತ್‌ವೇಟರ ಕವನದಲ್ಲಿ ಕೋಲು, ಚಾವಟಿ, ಡೋಲು, ಹಡಗಿನ ಅಟ್ಟ ಒಂದೇ ತಾಳದಲ್ಲಿ ಬೆರೆಯುತ್ತವೆ. ಕುಣಿಯುವವನು ಕತ್ತಲೆಯೊಳಗೆ ಇಳಿಯುತ್ತಾನೆ, ಇಳಿದಷ್ಟೂ ಕೋಲು ತಗ್ಗುತ್ತದೆ; ಕೊನೆಗೆ ಡೋಲಿನ ಕರೆಗೆ ಓಗೊಟ್ಟು ಆಚೆ ಬದಿಯಲ್ಲಿ ಮೇಲೇಳುತ್ತಾನೆ.

ಇಲ್ಲಿ 'ಲಿಂಬೊ' ಎಂಬ ಪದವೇ ಎರಡು ಲೋಕಗಳ ಮೇಲೆ ಕಾಲಿಟ್ಟಿದೆ. ಮಧ್ಯಯುಗದ ಪಾಶ್ಚಾತ್ಯ ದೇವಶಾಸ್ತ್ರದಲ್ಲಿ ಅದು ಪಾತಾಳದ ಅಂಚು. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳಿಗೂ ಕ್ರಿಸ್ತನಿಗೆ ಮುಂಚೆ ಸತ್ತ ನೀತಿವಂತರಿಗೂ ಕಲ್ಪಿಸಿದ್ದ ಸ್ಥಳ. ಆ ಸಿದ್ಧಾಂತದ ಲೆಕ್ಕದಲ್ಲಿ ಸಮುದ್ರಕ್ಕೆ ಎಸೆಯಲ್ಪಟ್ಟ ಆಫ್ರಿಕನ್ನನು ಎಲ್ಲಿಗೆ ಸೇರುತ್ತಾನೆ? ಕವನ ಈ ಪ್ರಶ್ನೆಯನ್ನು ನೇರವಾಗಿ ಎತ್ತುವುದಿಲ್ಲ. ಆದರೆ ಇಳಿದು ಏಳುವ ಅದರ ಲಯವನ್ನು ಕೇಳಿದ ಕ್ರೈಸ್ತ ಓದುಗನು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯವನ್ನು ನೆನೆಯದಿರಲಾರನು. ಅಲ್ಲಿ ಪೌಲನು ದೀಕ್ಷಾಸ್ನಾನವನ್ನು ಕ್ರಿಸ್ತನೊಂದಿಗೆ ಹೂಣಲ್ಪಡುವುದು ಮತ್ತು ಏಳುವುದು ಎಂದು ಬಣ್ಣಿಸುತ್ತಾನೆ. ಯಾರಿಗೆ ನೀರು ಸಮಾಧಿಯೇ ಆಯಿತೋ ಅವರ ಮಕ್ಕಳು ಈ ಮಾತನ್ನು ನಮಗಿಂತ ಆಳದಲ್ಲಿ ಕೇಳುತ್ತಾರೆ. ಆದರೆ ಈ ಸಾಮ್ಯವನ್ನು ಹೇಳಿ ಕವನವನ್ನು ನಮ್ಮ ಪ್ರಸಂಗದ ದೃಷ್ಟಾಂತವಾಗಿಸಿಬಿಡುವುದು ಅನ್ಯಾಯ. ಕವನದಲ್ಲಿ ಎಬ್ಬಿಸುವ ಶಕ್ತಿ ಡೋಲಿನ ಮೂಲಕ ಮಾತಾಡುವ ಮೂಕದೇವತೆಗಳದು. ಸಭೆ ಆ ಡೋಲನ್ನು ನಿಷೇಧಿಸಿದಾಗ ಅದು ಪುನರುತ್ಥಾನದ ಒಂದು ಭಾಷೆಯನ್ನೂ ಕಳೆದುಕೊಂಡಿತು ಎಂಬುದೇ ಕವನವು ನಮ್ಮ ಮೇಲೆ ಹೊರಿಸುವ ಆರೋಪ.

ಅದೇ ಸಂಪುಟದಲ್ಲಿ ಲೆಗ್ಬಾ ಬರುತ್ತಾನೆ. ದಹೋಮಿಯಿಂದ ಹೈಟಿಗೆ ಬಂದ ಈ ದೇವತೆ ಊರುಗೋಲು ಹಿಡಿದ ಕುಂಟ ಮುದುಕ. ದಾರಿ ಕೂಡುವಲ್ಲಿ ನಿಂತು ಲೋಕಗಳ ನಡುವಿನ ಬಾಗಿಲನ್ನು ತೆರೆಯುವವನು. ಹೈಟಿಯ ಗುಲಾಮರು ಅವನನ್ನು ಬೀಗದ ಕೈ ಹಿಡಿದ ಪೇತ್ರನ ಚಿತ್ರದಲ್ಲಿಯೂ ಹುಣ್ಣುಗಳಿಂದ ತುಂಬಿದ ಲಾಜರನ ಚಿತ್ರದಲ್ಲಿಯೂ ಗುರುತಿಸಿದರು. ಇದು ವೇಷ ಮಾತ್ರವೋ, ವಿಶ್ವಾಸದ ನಿಜವಾದ ಭೇಟಿಯೋ ಎಂಬ ಚರ್ಚೆ ಮುಗಿದಿಲ್ಲ. ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನನ್ನೇ ಬಾಗಿಲು ತೆರೆಯುವವನೆಂದು ಗುರುತಿಸಿದ ಆ ಅನಕ್ಷರಸ್ಥರು ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದ ತಿರುಳನ್ನು ತಪ್ಪಾಗಿ ಓದಿದರೆಂದು ನಾವು ಹೇಳಲಾರೆವು.

4. ವಾಲ್ಕಾಟ್: ಸಮುದ್ರದಲ್ಲಿ ಬರೆದ ವಿಮೋಚನಕಾಂಡ

ಡೆರೆಕ್ ವಾಲ್ಕಾಟ್ (1930–2017) ಬಹುಪಾಲು ಕಥೋಲಿಕರಿದ್ದ ಸೇಂಟ್ ಲೂಸಿಯಾ ದ್ವೀಪದ ಮೆಥಡಿಸ್ಟ್ ಕುಟುಂಬದಲ್ಲಿ ಹುಟ್ಟಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾದ ಅವರ ಮೊದಲ ಕವನವನ್ನು ಒಬ್ಬ ಕಥೋಲಿಕ ಪಾದ್ರಿಯು ದೇವದೂಷಣೆಯೆಂದು ಅದೇ ಪತ್ರಿಕೆಯಲ್ಲಿ ಖಂಡಿಸಿದರು. ಹೀಗೆ ಸಭೆಯ ಅಂಚಿನಲ್ಲಿ ಆರಂಭವಾದ ಬರವಣಿಗೆ ಸತ್ಯವೇದದ ಭಾಷೆಯನ್ನು ಎಂದೂ ತೊರೆಯಲಿಲ್ಲ. 1974ರ 'ಇತಿಹಾಸದ ಕಾವ್ಯದೇವಿ' ಎಂಬ ಪ್ರಬಂಧದಲ್ಲಿ ಅವರು ಮಂಡಿಸಿದ ವಿಚಾರ ಗಮನಾರ್ಹ: ಗುಲಾಮನು ಯಜಮಾನನ ಧರ್ಮಕ್ಕೆ ಸೋತು ಶರಣಾದವನಲ್ಲ, ಆ ಧರ್ಮವನ್ನೂ ಆ ಭಾಷೆಯನ್ನೂ ತನ್ನ ಆಯುಧವಾಗಿ ವಶಪಡಿಸಿಕೊಂಡವನು.

ಈ ವಿಚಾರದ ಕಾವ್ಯರೂಪವೇ 1979ರ ಸಂಕಲನದಲ್ಲಿರುವ 'ದಿ ಸೀ ಈಸ್ ಹಿಸ್ಟರಿ'. ನಿಮ್ಮ ಸ್ಮಾರಕಗಳೆಲ್ಲಿ, ಹುತಾತ್ಮರೆಲ್ಲಿ ಎಂದು ಕೇಳುವ ಸುಸಂಸ್ಕೃತ ಧ್ವನಿಗೆ ಕವಿಯು ಕಡಲನ್ನು ತೋರಿಸುತ್ತಾರೆ. ಆಮೇಲೆ ಸತ್ಯವೇದದ ಪುಸ್ತಕಗಳ ಕ್ರಮದಲ್ಲಿ ಚರಿತ್ರೆ ತೆರೆದುಕೊಳ್ಳುತ್ತದೆ. ಹಡಗಿನ ದೀಪ ಕಾಣಿಸಿದ್ದು ಆದಿಕಾಂಡ. ತುಂಬಿ ತುಳುಕುವ ಗುಲಾಮಹಡಗು ವಿಮೋಚನಕಾಂಡ. ಹವಳದಿಂದ ಬೆಸೆದುಕೊಂಡ ಮೂಳೆಗಳು ಒಡಂಬಡಿಕೆಯ ಮಂಜೂಷ. ಮುಂದೆ ಬಾಬೆಲಿನ ಸೆರೆ, ಪ್ರಲಾಪಗಳು. 1807ರಲ್ಲಿ ಕತ್ತರಿಸಿದ ಪುಟಗಳನ್ನು ಈ ಕವನ ಸಮುದ್ರತಳದಿಂದ ಎತ್ತಿ ತಂದಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಆದರೆ ಅದು ಸುಲಭವಾದ ಸಾಂತ್ವನವನ್ನು ಕೊಡುವುದಿಲ್ಲ. ಇಲ್ಲಿನ ವಿಮೋಚನಕಾಂಡದಲ್ಲಿ ಸಮುದ್ರ ಇಬ್ಭಾಗವಾಗುವುದಿಲ್ಲ. ಮುಳುಗುವವರು ಫರೋಹನ ರಾಹುತರಲ್ಲ, ದಾಸರೇ. ಗುಲಾಮಗಿರಿ ರದ್ದಾದ ಸಂಭ್ರಮವೂ ಬೇಗನೆ ಆರಿಹೋಗುತ್ತದೆ. ಗೋಪುರಗಳು ಏಳುವ ಹೊಸ ಒಡಂಬಡಿಕೆಯ ಘಟ್ಟದ ನಂತರ ಬರುವ ಆ ಸಂಭ್ರಮವನ್ನು ಇತಿಹಾಸವಲ್ಲ, ಬರೀ ವಿಶ್ವಾಸ ಎಂಬರ್ಥದಲ್ಲಿ ಕವಿ ದಾಟಿಸುತ್ತಾರೆ. ಸ್ವಾತಂತ್ರ್ಯಾನಂತರದ ರಾಜಕಾರಣಿಗಳು ಕಪ್ಪೆ, ನೊಣಗಳಾಗಿ ಬರುತ್ತಾರೆ. ಕೊನೆಯಲ್ಲಿ ಮಾತ್ರ ಇತಿಹಾಸವು ನಿಜವಾಗಿ ಆರಂಭವಾಗುವ ಒಂದು ಸೂಕ್ಷ್ಮ ಸದ್ದು ಕೇಳಿಸುತ್ತದೆ. ವಿಶ್ವಾಸವು ಇತಿಹಾಸದಿಂದ ಬೇರ್ಪಟ್ಟರೆ ಅದು ಗೋಪುರವಾಗಿ ನಿಲ್ಲುತ್ತದೆ, ವಿಮೋಚನೆಯಾಗುವುದಿಲ್ಲ ಎಂಬ ಈ ವಿಮರ್ಶೆಯನ್ನು ಸಭೆ ಪ್ರವಾದಿಯ ಮಾತಾಗಿ ಸ್ವೀಕರಿಸಬೇಕು.

ಜಾನಪದವು ವಾಲ್ಕಾಟರಲ್ಲಿ ಅತ್ಯಂತ ಫಲಿಸಿದ್ದು 1958ರಲ್ಲಿ ರಂಗಕ್ಕೆ ಬಂದ 'ಟಿ-ಜಾನ್ ಅಂಡ್ ಹಿಸ್ ಬ್ರದರ್ಸ್' ಎಂಬ ಕಾವ್ಯನಾಟಕದಲ್ಲಿ. ಸೇಂಟ್ ಲೂಸಿಯಾದ ಅಜ್ಜಿಕಥೆಯೊಂದರ ಮೇಲೆ ಅದು ನಿಂತಿದೆ. ಮೂವರು ಬಡ ಅಣ್ಣತಮ್ಮಂದಿರಿಗೆ ಸೈತಾನನು ಪಂಥ ಒಡ್ಡುತ್ತಾನೆ: ತನ್ನನ್ನು ಸಿಟ್ಟಿಗೆಬ್ಬಿಸಿದವನಿಗೆ ಬಹುಮಾನ, ತಾನೇ ಸಿಟ್ಟಾದವನಿಗೆ ಮರಣ. ತೋಳ್ಬಲವನ್ನು ನಂಬಿದ ಹಿರಿಯನೂ ವಿದ್ಯೆಯನ್ನು ನಂಬಿದ ನಡುವಿನವನೂ ಸೋಲುತ್ತಾರೆ. ತಾಯಿಯ ಆಶೀರ್ವಾದವನ್ನೂ ಕಾಡಿನ ಕಪ್ಪೆ ಹುಳುಗಳ ಸ್ನೇಹವನ್ನೂ ಪಡೆದ ಕಿರಿಯನು ಗೆಲ್ಲುತ್ತಾನೆ. ಸೈತಾನನು ಒಮ್ಮೆ ಕಾಡಿನ ಮುದುಕನ, ಒಮ್ಮೆ ಬಿಳಿಯ ತೋಟಗಾರನ ಮುಖವಾಡ ತೊಡುತ್ತಾನೆ. ಅವನ ಸಂದೇಶವಾಹಕನೇ ಬೋಲಮ್, ಗರ್ಭದಲ್ಲಿಯೇ ಕೊಲ್ಲಲ್ಪಟ್ಟು ಹುಟ್ಟಿಗಾಗಿ ಹಂಬಲಿಸುವ ಶಿಶು. ಗೆದ್ದ ಟಿ-ಜಾನ್ ಆ ಶಿಶುವಿನ ಜೀವವನ್ನು ಬೇಡುತ್ತಾನೆ. ಮನುಷ್ಯರ ದುಃಖವನ್ನೂ ಮರಣವನ್ನೂ ತಿಳಿದೂ ಆ ಪ್ರೇತವು ಹುಟ್ಟುವುದನ್ನೇ ಆರಿಸಿಕೊಳ್ಳುತ್ತದೆ.

ಇದನ್ನು ಓದುವ ಕ್ರೈಸ್ತನು ಮಾನವಾವತಾರದ ಮರ್ಮವನ್ನು ನೆನೆಯುತ್ತಾನೆ. ನೋವಿನ ಲೋಕಕ್ಕೆ ಬರುವುದು ಶಿಕ್ಷೆಯಲ್ಲ, ವರ ಎಂದು ಹೇಳುವ ಧೈರ್ಯ ಆ ಶಿಶುವಿಗಿದೆ. ಗುಲಾಮಗಿರಿಯಲ್ಲಿ ಹುಟ್ಟುವುದಕ್ಕಿಂತ ಹುಟ್ಟದಿರುವುದೇ ಲೇಸೆಂದು ತಾಯಂದಿರು ನೆನೆಯಬೇಕಾಗಿದ್ದ ನೆಲದಲ್ಲಿ ಈ ಆಯ್ಕೆಯ ತೂಕವೇ ಬೇರೆ.

1990ರ 'ಓಮೆರೋಸ್' ಮಹಾಕಾವ್ಯದಲ್ಲಿ ಫಿಲೋಕ್ಟೀಟ್ ಎಂಬ ಬೆಸ್ತನ ಕಣಕಾಲಿನ ಹುಣ್ಣು ವಾಸಿಯಾಗದು. ತುಕ್ಕುಹಿಡಿದ ಲಂಗರಿನಿಂದ ಆದ ಆ ಗಾಯ ಪೂರ್ವಜರ ಸಂಕೋಲೆಯಿಂದ ಬಂದದ್ದೆಂದು ಅವನ ನಂಬಿಕೆ. ಅವನನ್ನು ಗುಣಪಡಿಸುವವಳು ಮಾ ಕಿಲ್ಮನ್. ಕಥೋಲಿಕ ಪೂಜೆಗೆ ತಪ್ಪದೆ ಹೋಗುವವಳು, ಅಜ್ಜಿಯರಿಂದ ಬಂದ ಮೂಲಿಕೆಯ ಜ್ಞಾನವನ್ನು ಅರ್ಧ ಮರೆತವಳು. ಆಫ್ರಿಕದಿಂದ ಹಕ್ಕಿಯೊಂದು ಹೊತ್ತುತಂದ ಬೀಜದಿಂದ ಬೆಳೆದ ಗಿಡವನ್ನು ಇರುವೆಗಳ ಸಾಲನ್ನು ಹಿಂಬಾಲಿಸಿ ಅವಳು ಕಂಡುಹಿಡಿಯುತ್ತಾಳೆ. ರೋಗಿಯನ್ನು ಮೀಯಿಸುವುದು ಹಳೆಯ ಸಕ್ಕರೆ ಗಿರಣಿಯ ಕೊಪ್ಪರಿಗೆಯಲ್ಲಿ. ಹಿಂಸೆಯ ಪಾತ್ರೆಯೇ ಸ್ವಸ್ಥತೆಯ ಪಾತ್ರೆಯಾಗುವ ಈ ಚಿತ್ರಕ್ಕೆ ಶಿಲುಬೆಯನ್ನು ಬಲ್ಲವರು ವ್ಯಾಖ್ಯಾನ ಬರೆಯಬೇಕಾಗಿಲ್ಲ. ಆದರೆ ಆ ಸ್ತ್ರೀಯ ಅರ್ಧ ಜ್ಞಾನವನ್ನು ಮರೆಯಿಸಿದವರು ಯಾರು ಎಂಬ ಪ್ರಶ್ನೆ ನಮಗಾಗಿಯೇ ಉಳಿದಿದೆ.

5. ಫೆಲಿಸಿಟಿಯ ರಾಮಲೀಲೆ

ಈ ದ್ವೀಪಗಳ ಜಾನಪದದಲ್ಲಿ ಭಾರತಕ್ಕೂ ಪಾಲಿದೆ. ಗುಲಾಮಗಿರಿ ಮುಗಿದ ಮೇಲೆ ತೋಟಗಳಿಗೆ ಕರಾರಿನ ಕೂಲಿಗಳು ಬೇಕಾದರು. 1838ರ ಮೇ ತಿಂಗಳಲ್ಲಿ ವಿಟ್ಬಿ ಮತ್ತು ಹೆಸ್ಪರಸ್ ಎಂಬ ಹಡಗುಗಳು ಗಯಾನಾವನ್ನೂ, 1845ರ ಮೇ 30ರಂದು ಫತೆಲ್ ರಜಾಕ್ ಟ್ರಿನಿಡಾಡನ್ನೂ ತಲುಪಿದವು. ಹೆಚ್ಚಿನವರು ಕಲ್ಕತ್ತೆಯಿಂದ, ಕೆಲವರು ಮದರಾಸಿನಿಂದ ಹಡಗು ಹತ್ತಿದವರು. ಗಯಾನಾದ ಮಹಾದಾಯಿ ದಾಸ್ (1954–2003) ಹಡಗುಗಳಲ್ಲಿ ಬಂದ ಈ ಪೂರ್ವಜರನ್ನು ಕಾವ್ಯದಲ್ಲಿ ನೆನೆದರು. ಆಫ್ರಿಕದ ಬೇರನ್ನೇ ಹುಡುಕಿದ ಬ್ರಾತ್‌ವೇಟರ ತ್ರಿವಳಿಯಲ್ಲಿ ಇವರಿಗೆ ಸಿಕ್ಕ ಸ್ಥಳ ಅತ್ಯಲ್ಪ. ಒಂದು ಜನಾಂಗದ ಸ್ಮೃತಿಯನ್ನು ಎತ್ತಿಹಿಡಿಯುವಾಗ ನೆರೆಯ ಜನಾಂಗದ ಸ್ಮೃತಿ ನೆರಳಿಗೆ ಸರಿಯಬಹುದೆಂಬುದಕ್ಕೆ ಇದು ನಿದರ್ಶನ.

1992ರ ನೊಬೆಲ್ ಉಪನ್ಯಾಸವನ್ನು ವಾಲ್ಕಾಟ್ ಆರಂಭಿಸಿದ್ದು ಟ್ರಿನಿಡಾಡಿನ ಫೆಲಿಸಿಟಿ ಗ್ರಾಮದ ಬಯಲಿನಲ್ಲಿ ಮಕ್ಕಳು ಆಡುವ ರಾಮಲೀಲೆಯಿಂದ. ಮೊದಲಿಗೆ ತಾವು ಅದನ್ನು ನಾಟಕವೆಂದೂ, ಮೂಲವನ್ನು ಕಳೆದುಕೊಂಡ ಪ್ರತಿಧ್ವನಿಯೆಂದೂ ತಪ್ಪಾಗಿ ನೋಡಿದ್ದಾಗಿ ಅವರು ಒಪ್ಪಿಕೊಳ್ಳುತ್ತಾರೆ. ಬಿದಿರಿನ ರಾವಣನನ್ನು ಕಟ್ಟುತ್ತಿದ್ದವರಿಗೆ ಅದು ನಟನೆಯಲ್ಲ, ವಿಶ್ವಾಸ. ಅಲ್ಲಿ ವಿಷಾದವಿರಲಿಲ್ಲ, ಹರ್ಷವಿತ್ತು. ವಿಷಾದವನ್ನು ಹೊತ್ತುತಂದವರು ನೋಡುಗರೇ. ಅನಂತರ ಅವರು ಒಡೆದ ಪಾತ್ರೆಯ ಚೂರುಗಳನ್ನು ಜೋಡಿಸುವ ಪ್ರೀತಿಯ ಪ್ರತಿಮೆಯನ್ನು ಕೊಡುತ್ತಾರೆ. ಕೆರಿಬಿಯನ್ ಕಲೆಯೆಂದರೆ ಆ ಬೆಸುಗೆ; ಬೆಸುಗೆಯ ಗೆರೆಗಳು ಕಾಣಿಸುತ್ತವೆ, ಕಾಣಿಸಬೇಕು.

ಮಹಾಕವಿಯೊಬ್ಬರ ಈ ತಪ್ಪೊಪ್ಪಿಗೆ ದೇವಶಾಸ್ತ್ರಕ್ಕೆ ಬಹಳ ಬೆಲೆಯುಳ್ಳದ್ದು. ಅನ್ಯರ ಆಚರಣೆಯನ್ನು ಮೆಚ್ಚಿಕೊಳ್ಳುವುದೂ ಒಂದು ಬಗೆಯ ಯಜಮಾನಿಕೆಯಾಗಬಹುದು. 'ಸಂಸ್ಕೃತಿ'ಯೆಂದು ಹೊಗಳಿ, ಅದರೊಳಗಿನ ನಂಬಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳದೆ ಬಿಡುವ ದೋಷ ನಮ್ಮ ಸಾಂದರ್ಭಿಕ ದೇವಶಾಸ್ತ್ರದಲ್ಲಿಯೂ ಇದೆ.

6. ನಮ್ಮ ಕರಾವಳಿಗೆ ಇದರ ಸಂಬಂಧ

ಈ ಕಾವ್ಯಕ್ಕೂ ಮಂಗಳೂರಿಗೂ ಒಂದು ಚಾರಿತ್ರಿಕ ಕೊಂಡಿಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಅದಕ್ಕೆ ಕೆಲವೇ ವರ್ಷ ಮುಂಚೆ ಅಕಾನ್ ಜನರ ನೆಲವಾದ ಗೋಲ್ಡ್ ಕೋಸ್ಟಿಗೂ ಹೋಗಿತ್ತು. ಅಲ್ಲಿ ಯುರೋಪಿಯನ್ ಮಿಶನರಿಗಳು ಒಬ್ಬರ ಮೇಲೊಬ್ಬರು ಜ್ವರಕ್ಕೆ ಬಲಿಯಾದಾಗ, 1843ರಲ್ಲಿ ಜಮೈಕಾ ಮತ್ತು ಆಂಟಿಗುವಾದ ಮೊರಾವಿಯನ್ ಸಭೆಗಳಿಂದ ಸುಮಾರು ಎರಡು ಡಜನ್ ಕರಿಯ ಕ್ರೈಸ್ತರನ್ನು ಕರೆತಂದು ಅಕ್ರೊಪಾಂಗಿನಲ್ಲಿ ನೆಲೆಗೊಳಿಸಲಾಯಿತು. ಅನಾನ್ಸಿ ಹೊರಟ ದಡಕ್ಕೆ ಅವನ ಕಥೆ ಕೇಳಿ ಬೆಳೆದವರು ಸುವಾರ್ತೆಯೊಂದಿಗೆ ಮರಳಿದರು. ಅದೇ ಮಿಶನ್ನಿನ ಕ್ರಿಸ್ಟಾಲರ್ 1879ರಲ್ಲಿ ಅಕಾನರ ಟ್ವಿ ಭಾಷೆಯ 3,600 ಗಾದೆಗಳನ್ನು ಅಚ್ಚು ಹಾಕಿಸಿದರು. ಇತ್ತ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1886ರಲ್ಲಿ ಮ್ಯಾನರರು ಸಂಗ್ರಹಿಸಿದ ತುಳು ಪಾಡ್ದನಗಳು ಹೊರಬಂದವು.

ಯಾವುದನ್ನು ಬಿಡಬೇಕೆಂದು ಮಿಶನ್ ಹೊಸ ಕ್ರೈಸ್ತರಿಗೆ ಬೋಧಿಸಿತೋ ಅದನ್ನೇ ಅದರ ಅಚ್ಚುಮೊಳೆ ಕಾಪಾಡಿತು. ಆ ಭೂತಗಳ ಕಥನಗಳನ್ನು ಬರ್ನೆಲ್ಲರ ಇಂಗ್ಲಿಷ್ ಸಂಗ್ರಹವು ತುಳುವರ 'ಸೈತಾನಾರಾಧನೆ' ಎಂಬ ಶೀರ್ಷಿಕೆಯಲ್ಲಿ ಲೋಕಕ್ಕೆ ಪರಿಚಯಿಸಿತು. ಆದರೆ ಆ ಪಾಡ್ದನಗಳೊಳಗೆ ಏನಿದೆ? ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನ ಕೈಕಾಲನ್ನು, ಅಂತಹದೇ ಇನ್ನೊಂದು ಕೆಲಸವನ್ನು ಬೇರೆಲ್ಲೂ ಮಾಡದಿರಲೆಂದು ಅರಸನು ಕಡಿಸಿದ ಕಥೆಯಿದೆ. ಅವನ ತಂಗಿ ಕಲ್ಲುರ್ಟಿ ನ್ಯಾಯ ಕೇಳಿದ ಕಥೆಯಿದೆ. ಶಾಸನಗಳು ಅರಸನ ಹೆಸರನ್ನು ಬರೆದವು, ಪಾಡ್ದನ ಕಡಿದ ಕೈಯನ್ನು ನೆನಪಿಟ್ಟಿತು. ಗುಲಾಮನ ಎದೆಯ ಬರೆಯನ್ನು ನೆನಪಿಡುವ ಕೆರಿಬಿಯನ್ ಕಾವ್ಯದ ಪಕ್ಕದಲ್ಲಿಟ್ಟು ಓದಿದಾಗ, ನಾವು 'ಸೈತಾನನದು' ಎಂದು ಬಿಟ್ಟುಬಂದದ್ದರಲ್ಲಿ ಹೇಬೆಲನ ರಕ್ತದ ಕೂಗೂ ಇತ್ತೆಂಬುದು ಅರಿವಾಗುತ್ತದೆ.

ಇದರಿಂದ ಭೂತಾರಾಧನೆಯನ್ನು ಸಭೆಯೊಳಗೆ ತರಬೇಕೆಂದು ನಾವು ಹೇಳುತ್ತಿಲ್ಲ. ಆತ್ಮಗಳನ್ನು ಪರೀಕ್ಷಿಸಬೇಕೆಂಬ ಯೋಹಾನನ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ಅನಾನ್ಸಿಯ ಸ್ವಾರ್ಥದಂತೆ ಪಾಡ್ದನಗಳ ಸೇಡಿಗೂ ಸುವಾರ್ತೆಯ ಮುಂದೆ ವಿಚಾರಣೆಯಿದೆ. ಆದರೆ ವಿಚಾರಣೆಯೆಂದರೆ ಸಾಕ್ಷಿಯ ಮಾತನ್ನು ಪೂರ್ತಿ ಕೇಳುವುದು. ಸುಗ್ಗಿಹಬ್ಬದ ದಿನ ಡೋಲು ಬಾರಿಸಿ, ಜಾನಪದ ಧಾಟಿಯಲ್ಲಿ ಒಂದು ಕೀರ್ತನೆ ಹಾಡಿ, ಮರುವಾರ ಎಲ್ಲವನ್ನೂ ಉಗ್ರಾಣದಲ್ಲಿಟ್ಟು ಬೀಗ ಹಾಕುವುದು ಕೇಳುವಿಕೆಯಲ್ಲ. ಅದು ಹೋಟೆಲಿನಲ್ಲಿ ಲಿಂಬೊ ನೋಡಿದಂತೆ.

ಉಪಸಂಹಾರ

ಕೆರಿಬಿಯನ್ ಕವಿಗಳು ಜಾನಪದವನ್ನು ಮೂರು ಬಗೆಯಲ್ಲಿ ಬಳಸಿದ್ದನ್ನು ನಾವು ಕಂಡೆವು. ಬೆನೆಟ್ಟರಲ್ಲಿ ಅದು ಬಲಹೀನರ ಜಾಣ್ಮೆಯ ಮತ್ತು ಅದರ ನೈತಿಕ ಮಿತಿಯ ದಾಖಲೆ. ಬ್ರಾತ್‌ವೇಟರಲ್ಲಿ ಮರಣದಿಂದ ಏಳುವ ದೇಹದ ಲಯ. ವಾಲ್ಕಾಟರಲ್ಲಿ ಕಳೆದ ಪುಟಗಳನ್ನು ಸಮುದ್ರದಿಂದ ಓದುವ ವಿಧಾನ. ಮೂವರಲ್ಲಿ ಯಾರೂ ಸಭೆಯ ಪರವಾಗಿ ಬರೆದವರಲ್ಲ. ಆದಾಗ್ಯೂ ಸಭೆಯು ಕಳೆದುಕೊಂಡ ಅಥವಾ ಕತ್ತರಿಸಿದ ಭಾಗವನ್ನು ಅವರ ಕಾವ್ಯ ನಮಗೆ ಹಿಂದಿರುಗಿಸುತ್ತದೆ.

ನಮ್ಮ ಹಳ್ಳಿಯ ಸಭೆಗಳಲ್ಲಿ ಪಾಡ್ದನದ ಸಾಲುಗಳನ್ನು ಬಲ್ಲ, ಆದರೆ ಪಾಲಕರ ಮುಂದೆ ಹೇಳಲು ಅಂಜುವ ವೃದ್ಧೆಯರು ಇನ್ನೂ ಇದ್ದಾರೆ. ಅವರು ಮಾ ಕಿಲ್ಮನ್ನಳ ಸಹೋದರಿಯರು. ದೇವಶಾಸ್ತ್ರ ವಿದ್ಯಾಲಯಗಳಿಂದ ಹೊರಡುವ ಯುವ ಪಾಲಕರು ಅವರ ಅಂಗಳದಲ್ಲಿ ಒಂದು ಸಂಜೆ ಕುಳಿತು, ಬೋಧಿಸುವುದಕ್ಕೆ ಮೊದಲು ಕೇಳಲಿ. ಏಕೆಂದರೆ ಅವರ ತಲೆಮಾರು ಮುಗಿದರೆ ಆ ಪುಟಗಳೂ ಹೋಗುತ್ತವೆ. ಅವುಗಳನ್ನು ಎತ್ತಿಕೊಡಲು ನಮಗೆ ಸಮುದ್ರವೂ ಇರುವುದಿಲ್ಲ.